ಶುದ್ಧ ತಳಿಯ ಕೋಳಿ: ಮೂರನೇ ತಲೆಮಾರನ್ನು ನೋಡಿ ಆಯ್ಕೆ ಮಾಡಿ

ಶುದ್ಧ ತಳಿಯ ಕೋಳಿ ಸಾಕಲು ಹೊರಟವರು ಸಾಮಾನ್ಯವಾಗಿ ಮೂರು ವಿಷಯ ಕೇಳುತ್ತಾರೆ: ವರ್ಷಕ್ಕೆ ಎಷ್ಟು ಮೊಟ್ಟೆ, ಎಷ್ಟು ತೂಕ, ನೋಡಲು ಹೇಗಿರುತ್ತದೆ. ಬರೀ ಸಾಕುವುದಾದರೆ ಈ ಮೂರರ ಮೇಲೆ ತೀರ್ಮಾನಿಸಿದರೂ ನಡೆಯುತ್ತದೆ. ಮನೆಯಲ್ಲೇ ಮರಿ ಮಾಡಿಸಿ ತಳಿಯನ್ನು ಮುಂದಕ್ಕೆ ಒಯ್ಯಬೇಕು ಅನ್ನುವವರಿಗೆ ಇಷ್ಟು ಸಾಲದು. ಹೊಸದಾಗಿ ತಂದ ಹಿಂಡು ಯಾರ ಹಿತ್ತಲಲ್ಲಾದರೂ ಚೆನ್ನಾಗಿಯೇ ಕಾಣುತ್ತದೆ. ಅದರ ಹಿಂದೆ ಇನ್ನೊಬ್ಬರು ಹಲವು ವರ್ಷ ಮಾಡಿದ ಆಯ್ಕೆ ಇರುತ್ತದೆ. ಆ ಹಿಂಡಿನ ಮಕ್ಕಳಲ್ಲಿ ಸಣ್ಣಪುಟ್ಟ ಕುಂದು ತಲೆ ಎತ್ತುತ್ತದೆ. ಮೊಮ್ಮಕ್ಕಳ ಹೊತ್ತಿಗೆ ಮರಿಯಾಗುವ ಮೊಟ್ಟೆ ಕಡಿಮೆಯಾಗಿ, ಬಣ್ಣ ಕೆಟ್ಟು, ಮೈ ಸಣ್ಣದಾಗಿ, ತಳಿಯ ಹೆಸರಷ್ಟೇ ಉಳಿದಿರುತ್ತದೆ. ಹಾಗಾಗಿ ಇಲ್ಲಿ ಪ್ರತಿ ಆಯ್ಕೆಯನ್ನೂ ಒಂದೇ ಪ್ರಶ್ನೆಯಿಂದ ನೋಡಿದ್ದೇನೆ: ಮೂರನೇ ತಲೆಮಾರಿನಲ್ಲಿ ನಿಮ್ಮ ಕೈಯಲ್ಲಿ ಏನು ಉಳಿದಿರುತ್ತದೆ?

ಶುದ್ಧ ತಳಿಯೋ, ಹೈಬ್ರಿಡ್ಡೋ

ಮೊಟ್ಟೆಯೊಂದೇ ಗುರಿಯಾಗಿದ್ದರೆ ಹೈಬ್ರಿಡ್ ತನ್ನಿ, ಅದರಲ್ಲಿ ಸಂಕೋಚ ಬೇಡ. ಮೊಟ್ಟೆಗೆಂದೇ ರೂಪಿಸಿದ ಹೈಬ್ರಿಡ್ ಕೋಳಿ ಮೊದಲ ವರ್ಷ 300ರ ಆಸುಪಾಸಿನಲ್ಲಿ ಮೊಟ್ಟೆ ಇಡುತ್ತದೆ. ಶುದ್ಧ ತಳಿಗಳಲ್ಲಿ ಅದರ ಹತ್ತಿರ ಬರುವುದು ಬಿಳಿ ಲೆಗ್‌ಹಾರ್ನ್.

ಆದರೆ ಹೈಬ್ರಿಡ್‌ನ ಗುಣ ಒಂದೇ ತಲೆಮಾರಿನದು. ರೋಡ್ ಐಲ್ಯಾಂಡ್ ರೆಡ್ ಹುಂಜವನ್ನು ಲೈಟ್ ಸಸೆಕ್ಸ್ ಹೇಂಟೆಗೆ ಕೂಡಿಸಿದರೆ ಹೆಣ್ಣುಮರಿಗಳು ಹೊಂಬಣ್ಣಕ್ಕೂ ಗಂಡುಮರಿಗಳು ಬೆಳ್ಳಗಿನ ಬಣ್ಣಕ್ಕೂ ಹುಟ್ಟುತ್ತವೆ, ಮೊದಲ ದಿನವೇ ಬೇರೆ ಮಾಡಬಹುದು. ಅದೇ ಮರಿಗಳು ಬೆಳೆದು ತಮ್ಮತಮ್ಮಲ್ಲೇ ಕೂಡಿದಾಗ ಎರಡೂ ಬಣ್ಣ ಗಂಡು ಹೆಣ್ಣುಗಳಲ್ಲಿ ಕಲಸಿಹೋಗುತ್ತದೆ. ಮೈಕಟ್ಟು, ಮೊಟ್ಟೆ, ಸ್ವಭಾವ ಎಲ್ಲವೂ ದಿಕ್ಕಿಗೊಂದಾಗುತ್ತವೆ. ಶುದ್ಧ ತಳಿ ಕೊಡುವ ಭರವಸೆ ಒಂದೇ: ತಾಯಿತಂದೆಯಂಥದೇ ಮರಿ. ಆ ಭರವಸೆಗಾಗಿ ಮೊಟ್ಟೆಯ ಲೆಕ್ಕದಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ತಳಿಗಳನ್ನು ಎದುರುಬದುರು ಇಟ್ಟರೆ

ಮೊದಲ ಸಲ ತಳಿ ಮುಂದುವರಿಸುವವರಿಗೆ ನಾನು ಹೇಳುವ ಹೆಸರುಗಳು ಎರಡು, ರೋಡ್ ಐಲ್ಯಾಂಡ್ ರೆಡ್ ಮತ್ತು ಬಾರ್ಡ್ ಪ್ಲೈಮೌತ್ ರಾಕ್. ಎರಡೂ ಗಟ್ಟಿಮುಟ್ಟು, ಎರಡೂ ಸಾಕಷ್ಟು ಮೊಟ್ಟೆ ಇಡುತ್ತವೆ. ಮೊಟ್ಟೆ ಜಾಸ್ತಿ ಇದ್ದರೆ ಮರಿ ಜಾಸ್ತಿ, ಮರಿ ಜಾಸ್ತಿ ಇದ್ದರೆ ಆರಿಸಿಕೊಳ್ಳಲು ಅವಕಾಶ ಜಾಸ್ತಿ. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ರೋಡ್ ಐಲ್ಯಾಂಡ್ ರೆಡ್ ಅಮೆರಿಕದ ರೋಡ್ ಐಲ್ಯಾಂಡ್ ಮತ್ತು ಮ್ಯಾಸಚೂಸೆಟ್ಸ್ ಭಾಗದ ರೈತರು 19ನೇ ಶತಮಾನದಲ್ಲಿ ರೂಪಿಸಿದ ಕೋಳಿ. 1904ರಲ್ಲಿ ಅಲ್ಲಿನ ತಳಿ ಮಾನದಂಡಕ್ಕೆ ಸೇರಿತು. ಕೊಳ್ಳುವಾಗ ಎಚ್ಚರ ಬೇಕಾದ್ದು ಒಂದು ಕಡೆ: ಈ ಹೆಸರಿನಲ್ಲಿ ಎರಡು ಬಗೆಯ ಕೋಳಿಗಳಿವೆ. ಹಳೆಯ ಬಗೆಯದು ಕಪ್ಪಿಗೆ ತಿರುಗುವಷ್ಟು ಗಾಢ ಕೆಂಪು, ಬೆನ್ನು ಉದ್ದ, ಮೈ ಇಟ್ಟಿಗೆಯಂತೆ ನೇರ ಅಂಚಿನದು, ಬೆಳೆದ ಹುಂಜ ಸುಮಾರು 3.9 ಕೆ.ಜಿ., ಹೇಂಟೆ ಸುಮಾರು 2.9 ಕೆ.ಜಿ. ತೂಗುತ್ತದೆ. ಮೊಟ್ಟೆಗಾಗಿ ಆರಿಸಿದ ಬಗೆಯದು ತಿಳಿ ಕೆಂಪು, ಸಣ್ಣ ಮೈ, ಮೊಟ್ಟೆ ಹೆಚ್ಚು. ಎರಡರಲ್ಲಿ ಯಾವುದನ್ನಾದರೂ ಸಾಕಿ, ಒಂದರ ಹುಂಜವನ್ನು ಇನ್ನೊಂದರ ಹೇಂಟೆಗೆ ಮಾತ್ರ ಬಿಡಬೇಡಿ. ಮೊಮ್ಮಕ್ಕಳ ಬಣ್ಣ, ಗಾತ್ರ ಎರಡೂ ಹಿಡಿತಕ್ಕೆ ಸಿಗುವುದಿಲ್ಲ. ಇವು ಕಾವಿಗೆ ಕೂರುವುದು ಅಪರೂಪ ಅನ್ನುವುದೂ ನೆನಪಿರಲಿ.

ಬಾರ್ಡ್ ಪ್ಲೈಮೌತ್ ರಾಕ್‌ನಲ್ಲಿ ನನಗೆ ಅತಿ ಪ್ರಿಯವಾದದ್ದು ಒಂದು ದಿನದ ಮರಿಯ ತಲೆ. ಮೈಯೆಲ್ಲ ಕಪ್ಪು ನವಿರು, ನೆತ್ತಿಯ ಮೇಲೆ ಬೆಳ್ಳನೆಯ ಚುಕ್ಕೆ. ಹೆಣ್ಣುಮರಿಯಲ್ಲಿ ಚುಕ್ಕೆ ಚಿಕ್ಕದು, ಅಂಚು ಸ್ಪಷ್ಟ. ಗಂಡಿನಲ್ಲಿ ದೊಡ್ಡದು, ಸುತ್ತಲೂ ಹರಡಿದಂತೆ ಮಸುಕು. ಹತ್ತಿಪ್ಪತ್ತು ಮರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಣ್ಣಿಗೆ ಬೇಗ ಒಗ್ಗುತ್ತದೆ. ಒಂದೊಂದೇ ಎತ್ತಿ ನೋಡಿದರೆ ತಪ್ಪುವುದೇ ಜಾಸ್ತಿ. ಪಟ್ಟೆ ಬರಿಸುವ ಜೀನ್ ಲಿಂಗದ ವರ್ಣತಂತುವಿನ ಮೇಲಿದೆ. ಹುಂಜಕ್ಕೆ ಅದರ ಎರಡು ಪ್ರತಿ, ಹೇಂಟೆಗೆ ಒಂದೇ. ಬೆಳೆದ ಮೇಲೆ ಹುಂಜ ಹೇಂಟೆಗಿಂತ ತಿಳಿಯಾಗಿ ಕಾಣುವುದೂ ಅದೇ ಕಾರಣಕ್ಕೆ. ಗಂಡು ಹೆಣ್ಣು ಎರಡರಲ್ಲೂ ಒಂದೇ ಛಾಯೆ ಬೇಕೆಂದು ಪ್ರದರ್ಶನಕ್ಕೆ ಸಾಕುವವರು ಹುಂಜಕ್ಕೊಂದು ಸಾಲು, ಹೇಂಟೆಗೊಂದು ಸಾಲು ಬೇರೆಬೇರೆ ಸಾಕುತ್ತಾರೆ. ಮನೆಯಲ್ಲಿ ಆ ಸಾಹಸ ಬೇಡ. ತಿಳಿ ಹುಂಜ, ಗಾಢ ಹೇಂಟೆ ಈ ತಳಿಗೆ ಸಹಜ.

ಶಾಂತ ಸ್ವಭಾವ, ತಾನೇ ಕಾವಿಗೆ ಕೂರುವ ಗುಣ ಬೇಕಿದ್ದರೆ ಬಫ್ ಆರ್ಪಿಂಗ್ಟನ್ ಮತ್ತು ಲೈಟ್ ಸಸೆಕ್ಸ್. ಆರ್ಪಿಂಗ್ಟನ್ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ್ದು. ವಿಲಿಯಂ ಕುಕ್ ಎಂಬವರು 1886ರಲ್ಲಿ ಕಪ್ಪು ಬಗೆಯನ್ನೂ ಕೆಲ ವರ್ಷ ಕಳೆದು ಬಫ್ ಬಗೆಯನ್ನೂ ಹೊರತಂದರು. ಇದರಲ್ಲೂ ಎರಡು ಮುಖವಿದೆ. ಪ್ರದರ್ಶನದ ಆರ್ಪಿಂಗ್ಟನ್ ಗರಿಯ ರಾಶಿಯಂತಿದ್ದು ಮೊಟ್ಟೆ ಕಡಿಮೆ ಇಡುತ್ತದೆ, ಸೆಕೆ ತಡೆಯುವುದಿಲ್ಲ. ಗರಿ ಸ್ವಲ್ಪ ಮೈಗಂಟಿದ ಹಳೆಯ ಬಗೆ ಸಿಕ್ಕರೆ ಅದನ್ನೇ ಆರಿಸಿ. ಬಫ್ ಬಣ್ಣ ಬಿಸಿಲಿಗೆ ಮಾಸುತ್ತದೆ, ಆದ್ದರಿಂದ ಬಣ್ಣ ನೋಡಿ ಆರಿಸುವ ಕೆಲಸ ಹೊಸ ಗರಿ ಬಂದಾಗಲೇ ಆಗಬೇಕು. ನನ್ನ ಮಟ್ಟಿಗೆ ಎರಡರಲ್ಲಿ ಸಸೆಕ್ಸ್ ಒಂದು ಕೈ ಮೇಲು: ಮೇವಿಗಾಗಿ ಚುರುಕಾಗಿ ಓಡಾಡುತ್ತದೆ, ಕೂತಲ್ಲೇ ಕೊಬ್ಬುವುದಿಲ್ಲ, ಕುತ್ತಿಗೆಯ ಕಪ್ಪುಪಟ್ಟೆ ಸರಿಯಿದೆಯೋ ಇಲ್ಲವೋ ಎಂದು ಎಳೆಯದರಲ್ಲೇ ಗೊತ್ತಾಗುತ್ತದೆ.

ಲೆಗ್‌ಹಾರ್ನ್ ಇಟಲಿಯ ಲಿವೋರ್ನೋ ಬಂದರಿನ ಹೆಸರು ಹೊತ್ತ ಹಗುರ ಕೋಳಿ. ಬಿಳಿ ಮೊಟ್ಟೆ, ಕಡಿಮೆ ಆಹಾರ, ಬೇಗ ಪ್ರಾಯಕ್ಕೆ ಬರುತ್ತದೆ. ಬಲು ಬೆದರುವ ಸ್ವಭಾವ. ಬೇಲಿ ಗಿಡ್ಡವಿದ್ದರೆ ಹಾರಿಹೋಗುತ್ತದೆ. ಕಾವಿಗೆ ಕೂರುವ ಗುಣವನ್ನೇ ತೆಗೆದು ಆರಿಸಿದ ತಳಿಯಾದ್ದರಿಂದ ಇನ್‌ಕ್ಯುಬೇಟರ್ ಅಥವಾ ಬೇರೆ ತಳಿಯ ಸಾಕುತಾಯಿ ಇಲ್ಲದೆ ಮುಂದಿನ ತಲೆಮಾರು ಬಾರದು.

ಬ್ರಹ್ಮ ಕಾಲಿಗೂ ಗರಿ ಇರುವ ಭಾರೀ ಕೋಳಿ. ಸಾಧು, ಚಳಿಗೆ ಗಟ್ಟಿ. ಆದರೆ ತಳಿ ಮುಂದುವರಿಸಲು ತಾಳ್ಮೆ ಕೇಳುತ್ತದೆ. ಬೆಳೆಯುವುದು ನಿಧಾನ, ಹುಂಜ ಹೇಗಾಗುತ್ತದೆ ಎಂದು ತಿಳಿಯಲು ವರ್ಷವೇ ಬೇಕಾಗಬಹುದು, ಅಷ್ಟು ದಿನ ಎಲ್ಲವಕ್ಕೂ ಆಹಾರ ಹಾಕಬೇಕು. ಹಿಂಭಾಗದ ಗರಿ ದಟ್ಟವಾದ್ದರಿಂದ ಕೂಡುವಿಕೆ ಸರಿಯಾಗದೆ ಗೊಡ್ಡು ಮೊಟ್ಟೆ ಬರುವುದುಂಟು. ಮರಿ ಕಾಲಕ್ಕೆ ಮುಂಚೆ ಗುದದ್ವಾರದ ಸುತ್ತಲಿನ ಗರಿ ಕತ್ತರಿಸಿದರೆ ಅನುಕೂಲ. ಕೆಸರು ನೆಲದಲ್ಲಿ ಕಾಲಿನ ಗರಿ ಮಣ್ಣುಕಟ್ಟಿ ಹುಣ್ಣಾಗುತ್ತದೆ. ಒಣ ನೆಲ ಕೊಡಲಾಗದವರು ಬ್ರಹ್ಮದ ಆಸೆ ಬಿಡುವುದು ಒಳ್ಳೆಯದು.

ಅಸೀಲ್ ಮತ್ತು ಕಡಕ್‌ನಾಥ್ ಹೆಸರು ಕೇಳದವರಿಲ್ಲ. ಅಸೀಲ್ ಹೇಂಟೆ ಒಳ್ಳೆಯ ತಾಯಿ, ಮರಿಗಳನ್ನು ಕಾಯುವುದರಲ್ಲಿ ಎತ್ತಿದ ಕೈ. ಆದರೆ ಮೊಟ್ಟೆ ಕಡಿಮೆ, ಮರಿಗಳು ಎಳೆಯ ವಯಸ್ಸಿನಲ್ಲೇ ಕಾದಾಡುತ್ತವೆ, ಪ್ರತಿ ಹುಂಜಕ್ಕೂ ಬೇರೆ ಗೂಡು ಬೇಕು. ಐದು ಹುಂಜ ಇಟ್ಟುಕೊಳ್ಳಲು ಐದು ಗೂಡು ಕಟ್ಟಿಸಲು ಸಿದ್ಧರಿದ್ದರೆ ಮಾತ್ರ ಅಸೀಲ್. ಕಡಕ್‌ನಾಥ್‌ನದು ಕಪ್ಪು ಚರ್ಮ, ಕಪ್ಪು ಮಾಂಸ. ಕಾವಿಗೆ ಕೂರುವುದರಲ್ಲಿ ಹಿಂದೆ. ಇದರಲ್ಲಿ ಬೆರಕೆ ಕಂಡುಹಿಡಿಯುವುದು ಕಷ್ಟ, ಯಾಕೆಂದರೆ ಕಪ್ಪು ಬಣ್ಣ ಬೆರಕೆಯಲ್ಲೂ ಪ್ರಬಲವಾಗಿ ಕಾಣಿಸಿಕೊಳ್ಳುತ್ತದೆ. ಮೈಬಣ್ಣ ನೋಡಿ ಕೊಂಡರೆ ಮೋಸಹೋಗುವ ಸಂಭವ ಹೆಚ್ಚು. ನಾಲಿಗೆ, ಅಂಗಾಲು, ರೆಕ್ಕೆಯ ಕೆಳಗಿನ ಚರ್ಮ ನೋಡಿ. ಎಲ್ಲಕ್ಕಿಂತ ಮಿಗಿಲಾಗಿ, ಮಾರುವವರ ಹಿಂಡಿನಲ್ಲಿ ಈಗ ಇರುವ ಮರಿಗಳೆಲ್ಲ ಒಂದೇ ಥರ ಇವೆಯೇ ನೋಡಿ.

ಗಾಢ ಕಂದು ಮೊಟ್ಟೆಯ ಮರಾನ್ಸ್ ಬಗ್ಗೆ ಒಂದೇ ಮಾತು. ಮೊಟ್ಟೆಯ ಬಣ್ಣದಲ್ಲಿ ಹುಂಜದ ಪಾಲೂ ಇದೆ, ಆದರೆ ಹುಂಜ ಮೊಟ್ಟೆ ಇಡುವುದಿಲ್ಲ. ಅದರ ತಾಯಿ, ಅಕ್ಕತಂಗಿಯರ ಮೊಟ್ಟೆ ನೋಡಿಯೇ ಆರಿಸಬೇಕು. ಯಾವ ಹೇಂಟೆಯ ಮಗ ಯಾವುದು ಎಂದು ಬರೆದಿಡುವ ಅಭ್ಯಾಸ ಇಲ್ಲದವರಿಗೆ ಇದು ಕೈಗೆ ಹತ್ತದ ತಳಿ.

ತಳಿಯೊಳಗಿನ ಬಣ್ಣ

ತಳಿ ಆರಿಸಿದ ಮೇಲೆ ಬಣ್ಣದ ಆಯ್ಕೆ ಬರುತ್ತದೆ. ಮೂರನೇ ತಲೆಮಾರಿನ ದೃಷ್ಟಿಯಿಂದ ಇದು ತಳಿಯಷ್ಟೇ ಮುಖ್ಯ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು.

ನೀಲಿ ಅಂತ ಕರೆಯುವ ಬೂದು ಬಣ್ಣವನ್ನೇ ನೋಡಿ. ನೀಲಿ ಹುಂಜ, ನೀಲಿ ಹೇಂಟೆ ಕೂಡಿಸಿದರೆ ಸರಾಸರಿ ಅರ್ಧ ಮರಿ ನೀಲಿ, ಕಾಲು ಭಾಗ ಕಪ್ಪು, ಕಾಲು ಭಾಗ ಮಾಸಲು ಬಿಳಿಯ ಮೇಲೆ ಚೆಲ್ಲಿದ ಚುಕ್ಕೆಯವು. ಎಷ್ಟು ತಲೆಮಾರು ಆರಿಸಿದರೂ ಈ ಲೆಕ್ಕ ಬದಲಾಗದು, ಯಾಕೆಂದರೆ ನೀಲಿ ಬರಲು ಜೀನ್‌ನ ಒಂದೇ ಪ್ರತಿ ಇರಬೇಕು. ಕಪ್ಪಿಗೆ ಚುಕ್ಕೆಯದನ್ನು ಕೂಡಿಸಿದರೆ ಮಾತ್ರ ಎಲ್ಲ ಮರಿಯೂ ನೀಲಿ. ಅಂಡಲೂಸಿಯನ್ ತಳಿಯಲ್ಲಿ ಇದು ತಲೆತಲಾಂತರದಿಂದ ತಿಳಿದ ವಿಷಯ. ಕಪ್ಪು, ಚುಕ್ಕೆ ಮರಿಗಳನ್ನೂ ತಳಿಯ ಕೆಲಸಕ್ಕೆ ಬಳಸಲು ಒಪ್ಪುವವರಿಗೆ ನೀಲಿ ಚೆಂದದ ಆಯ್ಕೆ. ಎಲ್ಲವೂ ಒಂದೇ ಬಣ್ಣಕ್ಕಿರಬೇಕು ಅನ್ನುವವರಿಗೆ ಅಲ್ಲ. ಲ್ಯಾವೆಂಡರ್ ಬಣ್ಣ ಮೇಲ್ನೋಟಕ್ಕೆ ಇದರಂತೆಯೇ ಕಂಡರೂ ಅದು ತನ್ನಂಥದೇ ಮರಿ ಕೊಡುತ್ತದೆ. ಅಲ್ಲಿ ಬೇರೆ ತೊಂದರೆ: ಬಾಲದ, ರೆಕ್ಕೆಯ ಗರಿ ಎಳೆ ಬಿಟ್ಟು ಹರಿದಂತಾಗುವ ದೋಷ ಕೆಲವು ಸಾಲುಗಳಲ್ಲಿ ಬೆನ್ನು ಹತ್ತಿರುತ್ತದೆ. ಆಗಾಗ ಕಪ್ಪು ಹಕ್ಕಿಗೆ ಕೂಡಿಸಿ ಗರಿ ಸುಧಾರಿಸಿಕೊಳ್ಳಬೇಕಾಗುತ್ತದೆ.

ಗರಿಗೊಂದು ಅಂಚು ಕಟ್ಟಿದ ಲೇಸ್ಡ್ ವಯಾಂಡಾಟ್ ನೋಡಿ ಮರುಳಾಗದವರು ಯಾರು? ನನಗೂ ಅದನ್ನು ಮೀರಿಸುವ ಹಕ್ಕಿ ಕಂಡಿಲ್ಲ. ಆದರೂ ಹೊಸಬರಿಗೆ ಬೇಡ ಅನ್ನುತ್ತೇನೆ. ಅಂಚಿನ ವಿನ್ಯಾಸ ಹಲವು ಜೀನ್‌ಗಳು ಕೂಡಿ ಮಾಡುವಂಥದ್ದು. ಒಂದು ಒಳ್ಳೆಯ ಹುಂಜಕ್ಕಾಗಿ ಬಹಳ ಮರಿ ಬೆಳೆಸಿ ನೋಡಬೇಕು. ಜೊತೆಗೆ ವಯಾಂಡಾಟ್‌ನ ಗುಲಾಬಿ ಜುಟ್ಟಿನದೂ, ಅಂದರೆ ತಲೆಗೆ ಅಂಟಿದಂತಿರುವ ಅಗಲ ಜುಟ್ಟಿನದೂ, ಒಂದು ಕತೆಯಿದೆ. ಆ ಜುಟ್ಟಿನ ಜೀನ್ ಎರಡೂ ಕಡೆಯಿಂದ ಬಂದ ಹುಂಜಗಳಲ್ಲಿ ವೀರ್ಯದ ಶಕ್ತಿ ಕಡಿಮೆ, ಗೊಡ್ಡು ಮೊಟ್ಟೆ ಹೆಚ್ಚು. ಒಂದೇ ಪ್ರತಿ ಇರುವ ಹುಂಜ ಚೆನ್ನಾಗಿ ಫಲ ಕೊಡುತ್ತದೆ, ಅದರ ಮರಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಒಂಟಿ ಜುಟ್ಟಿನದು ಹುಟ್ಟುತ್ತದೆ. ಒಂಟಿ ಜುಟ್ಟಿನ ವಯಾಂಡಾಟ್ ಮರಿ ಕಂಡ ಕೂಡಲೇ ಬೆರಕೆ ಎಂದು ತೀರ್ಮಾನಿಸುವವರಿದ್ದಾರೆ, ಹಾಗೆನ್ನಬೇಕಾಗಿಲ್ಲ. ಬೇರೆ ಎಲ್ಲ ಗುಣ ಸರಿಯಿದ್ದು ಮೈ ಗಟ್ಟಿಯಾಗಿದ್ದರೆ ಅಂಥ ಒಂದೆರಡು ಹೇಂಟೆಗಳು ಹಿಂಡಿನ ಫಲವಂತಿಕೆಗೆ ಬೆಂಬಲ.

ಕೆಲವು ಲಕ್ಷಣಗಳು ಮೊಟ್ಟೆಯೊಳಗೇ ಮರಿಯನ್ನು ಕೊಲ್ಲುತ್ತವೆ. ಜಪಾನೀಸ್ ಬ್ಯಾಂಟಮ್‌ನ ಗಿಡ್ಡ ಕಾಲು, ಅರಾಕಾನಾದ ಕಿವಿಯ ಬಳಿಯ ಗರಿಕುಚ್ಚು, ಇವೆರಡರ ಜೀನ್ ಎರಡು ಪ್ರತಿಯಾದರೆ ಮರಿ ಉಳಿಯುವುದಿಲ್ಲ. ಗಿಡ್ಡ ಕಾಲಿನ ಜೋಡಿಯಲ್ಲಿ ಕಾಲು ಭಾಗ ಮೊಟ್ಟೆ ಹೀಗೇ ಹೋಗುತ್ತದೆ, ಇನ್‌ಕ್ಯುಬೇಟರ್ ಎಷ್ಟು ಒಳ್ಳೆಯದಿದ್ದರೂ. ಮೊದಲ ತಳಿಯಾಗಿ ಇವನ್ನು ನಾನು ಯಾರಿಗೂ ಹೇಳುವುದಿಲ್ಲ.

ಮೊಟ್ಟೆ ತರುವುದೋ, ಮರಿಯೋ, ಬೆಳೆದ ಜೋಡಿಯೋ

ಮರಿಗೆ ಇಡುವ ಮೊಟ್ಟೆ ತರುವುದು ಅಗ್ಗ, ದೂರದ ಒಳ್ಳೆಯ ಹಿಂಡಿನಿಂದಲೂ ತರಿಸಬಹುದು. ಆದರೆ ಪ್ರಯಾಣದ ಕುಲುಕಾಟಕ್ಕೆ ಒಳಗಿನ ಗಾಳಿಚೀಲ ಸಡಿಲಗೊಂಡು ಮರಿಯಾಗುವ ಪ್ರಮಾಣ ಬಹಳ ಇಳಿಯುತ್ತದೆ. ತಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಅಲುಗಾಡದಂತೆ ಇಟ್ಟು ಆಮೇಲೆ ಕಾವಿಗಿಡಬೇಕು. ಕೋಳಿ ಇಟ್ಟು ಒಂದು ವಾರ ದಾಟಿದ ಮೊಟ್ಟೆ ಬೇಡ. ಮೊಟ್ಟೆಯಲ್ಲಿ ಬಂದರೆ ರೋಗ ಬಾರದು ಎಂಬ ನಂಬಿಕೆ ಪೂರ್ತಿ ನಿಜವಲ್ಲ; ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ ಪುಲ್ಲೋರಂ ರೋಗ, ಉಸಿರಾಟಕ್ಕೆ ತೊಂದರೆ ಕೊಡುವ ಮೈಕೋಪ್ಲಾಸ್ಮಾ ಸೋಂಕು ಎರಡೂ ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ದಾಟುತ್ತವೆ.

ಒಂದು ದಿನದ ಮರಿ ತಂದರೆ ಕಾವಿನ ಚಿಂತೆ ಇಲ್ಲ, ಬ್ರೂಡರ್, ಅಂದರೆ ಮರಿಗಳನ್ನು ಬೆಚ್ಚಗಿಡುವ ಗೂಡಿನ ಚಿಂತೆ ಇದೆ. ಮೊದಲ ವಾರ 32ರಿಂದ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಹೋಗಬೇಕು. ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬಿ: ದೀಪದ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಗೋಡೆಗೆ ಅಂಟಿ ಬಾಯಿ ತೆರೆದಿದ್ದರೆ ಸೆಕೆ, ಎಲ್ಲ ಕಡೆ ಹರಡಿ ಮಲಗಿದ್ದರೆ ಸರಿ. ಮಾರೆಕ್ಸ್ ಎಂಬ ವೈರಸ್ ರೋಗದ ಲಸಿಕೆ ಹುಟ್ಟಿದ ದಿನವೇ ಆಗಬೇಕಾದ್ದು, ಆಗಿದೆಯೇ ಕೇಳಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ದಿನಗಳನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ.

ಬೆಳೆದ ಹಕ್ಕಿಗೆ ಹಣ ಜಾಸ್ತಿ, ಆದರೆ ಕಂಡದ್ದನ್ನೇ ಕೊಳ್ಳುತ್ತೀರಿ: ಜುಟ್ಟು, ಬಣ್ಣ, ಕಾಲು, ನಡೆ, ಸ್ವಭಾವ ಎಲ್ಲ ಕಣ್ಣೆದುರಿಗಿರುತ್ತದೆ. ಸಾಧ್ಯವಿದ್ದವರಿಗೆ ನಾನು ಇದನ್ನೇ ಹೇಳುತ್ತೇನೆ. ಎರಡು ವರ್ಷ ದಾಟಿದ, ಇನ್ನೂ ಮೊಟ್ಟೆ ಇಡುತ್ತಿರುವ ಹೇಂಟೆಗಳು ಸಿಕ್ಕರೆ ಇನ್ನೂ ಒಳ್ಳೆಯದು. ರೋಗ ತಾಳಿಕೊಂಡು ಬದುಕಿದ್ದೇ ಅವುಗಳ ಅರ್ಹತಾಪತ್ರ. ಮೊದಲೇ ಕೋಳಿ ಇರುವ ಮನೆಯಾದರೆ ಹೊಸದನ್ನು ಕನಿಷ್ಠ 30 ದಿನ ದೂರದಲ್ಲಿ ಬೇರೆ ಇಟ್ಟು, ಅವಕ್ಕೆ ಮೇವು ನೀರು ಕೊನೆಯಲ್ಲಿ ಹಾಕಿ.

ಹೇಗೇ ತಂದರೂ ಎರಡು ಬೇರೆ ಬೇರೆ ಹಿಂಡುಗಳಿಂದ, ಆದರೆ ಒಂದೇ ಬಗೆಯದನ್ನು ತನ್ನಿ. ಅಣ್ಣತಂಗಿಯರಿಂದಲೇ ಶುರುಮಾಡಿದರೆ ಮುಂದಿನ ಲೆಕ್ಕವೆಲ್ಲ ಮೊದಲೇ ಸೋತಂತೆ.

ಕಾವಿನ ಕೋಳಿಯೋ, ಇನ್‌ಕ್ಯುಬೇಟರೋ

ಎರಡಕ್ಕೂ ಬೇಕಾದ ದಿನ 21. ಒಳ್ಳೆಯ ಕಾವಿನ ಕೋಳಿಯ ಮುಂದೆ ಯಾವ ಯಂತ್ರವೂ ನಿಲ್ಲದು. ಬಿಸಿ, ತೇವ, ತಿರುಗಿಸುವುದು, ಆಮೇಲೆ ಮರಿಗೆ ಕೆದಕಿ ತಿನ್ನಲು ಕಲಿಸುವುದು, ಎಲ್ಲ ಅದರದೇ ಕೆಲಸ. ದೊಡ್ಡ ಹೇಂಟೆಗೆ 10–12 ಮೊಟ್ಟೆ ಸಾಕು. ಹೇನು, ಉಣ್ಣೆ ಇಲ್ಲವೆಂದು ಖಚಿತ ಮಾಡಿಕೊಂಡು, ಬೇರೆ ಕೋಳಿಗಳು ಬಂದು ಅದೇ ಗೂಡಲ್ಲಿ ಮೊಟ್ಟೆ ಇಡದಂತೆ ಮರೆಯ ಜಾಗದಲ್ಲಿ ಕೂರಿಸಿ. ತೊಂದರೆ ಏನೆಂದರೆ ನಿಮಗೆ ಬೇಕಾದಾಗ ಅದು ಕೂರುವುದಿಲ್ಲ, ಹಾಗೂ ಒಂದು ಕೋಳಿಯ ಮರಿಗಳಷ್ಟರಲ್ಲೇ ಆರಿಸಲು ಕೂತರೆ ಆಯ್ಕೆ ಬಹಳ ಕಿರಿದಾಗುತ್ತದೆ.

ಇನ್‌ಕ್ಯುಬೇಟರ್‌ನ ಲಾಭ ಸಂಖ್ಯೆ ಮತ್ತು ದಿನಾಂಕ. ಫ್ಯಾನ್ ಇರುವ ಯಂತ್ರದಲ್ಲಿ 37.5 ಡಿಗ್ರಿ, ಮೊದಲ 18 ದಿನ ತೇವಾಂಶ ಶೇ. 45–50, ಕೊನೆಯ ಮೂರು ದಿನ ಶೇ. 65–70, ಆ ಮೂರು ದಿನ ತಿರುಗಿಸುವುದು ಬೇಡ, ಮುಚ್ಚಳ ತೆರೆಯುವುದೂ ಬೇಡ. ತೇವಾಂಶದ ಮೀಟರು ನಂಬಿಕೆಗೆ ಯೋಗ್ಯವೋ ಎಂಬ ಅನುಮಾನವಿದ್ದರೆ ಮೊಟ್ಟೆಯನ್ನೇ ತೂಗಿ. 18ನೇ ದಿನಕ್ಕೆ ಮೊಟ್ಟೆ ಮೊದಲಿದ್ದ ತೂಕದ ಶೇ. 12–13ರಷ್ಟು ಕಳೆದುಕೊಂಡಿರಬೇಕು, 60 ಗ್ರಾಮಿನದು 53ರ ಹತ್ತಿರ ಬಂದಿದ್ದರೆ ಸರಿಯಾಗಿ ನಡೆದಿದೆ.

ಏಳನೇ ದಿನ ರಾತ್ರಿ ಕತ್ತಲಲ್ಲಿ ಟಾರ್ಚಿನ ಬಾಯಿಗೆ ಮೊಟ್ಟೆಯ ದಪ್ಪ ತುದಿ ಹಿಡಿದರೆ ಒಳಗೆ ಕೆಂಪು ನರಗಳ ಜಾಲ, ನಡುವೆ ಅಲುಗುವ ಕಪ್ಪು ಚುಕ್ಕೆ ಕಾಣುತ್ತದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಗೊಡ್ಡು. ನರಗಳು ಚದುರಿ ಒಂದು ಕೆಂಪು ಉಂಗುರ ಮಾತ್ರ ಇದ್ದರೆ ಶುರುವಾಗಿ ಸತ್ತದ್ದು. ಈ ಎರಡನ್ನೂ ಬೇರೆಬೇರೆ ಬರೆದಿಡಿ. ಗೊಡ್ಡು ಹೆಚ್ಚಿದ್ದರೆ ಹುಂಜವನ್ನು ನೋಡಬೇಕು. ಸತ್ತದ್ದು ಹೆಚ್ಚಿದ್ದರೆ ಮೊಟ್ಟೆ ಇಟ್ಟುಕೊಂಡ ರೀತಿ, ತಾಯಿಯ ಆಹಾರ, ಇಲ್ಲವೇ ಹತ್ತಿರದ ರಕ್ತಸಂಬಂಧ. ಮೂರನೇ ತಲೆಮಾರಿನ ಕುಸಿತ ಮೊಟ್ಟಮೊದಲು ಕಾಣಿಸುವುದು ಈ ಎರಡನೇ ಅಂಕಣದಲ್ಲಿ.

ನನ್ನ ಸಲಹೆ ಎರಡನ್ನೂ ಬೆರೆಸುವುದು: ಮುಖ್ಯ ಮರಿಗಳು ಇನ್‌ಕ್ಯುಬೇಟರಿನಲ್ಲಿ, ಜೊತೆಗೆ ಒಂದೆರಡು ಸಿಲ್ಕಿ (ಕಾವಿಗೆ ಹೆಸರಾದ ಸಣ್ಣ ತಳಿ) ಅಥವಾ ಸಸೆಕ್ಸ್ ಸಾಕುತಾಯಿಯಾಗಿ. ಕರೆಂಟು ಹೋದಾಗ ಬೆಲೆ ಗೊತ್ತಾಗುತ್ತದೆ.

ಎಷ್ಟು ಹುಂಜ, ಹೇಗೆ ಕೂಡಿಸುವುದು

ಇಲ್ಲೇ ಹೆಚ್ಚಿನವರು ಎಡವುವುದು. ಫಲವಂತಿಕೆಯ ಲೆಕ್ಕಕ್ಕೆ ಹಗುರ ತಳಿಯಲ್ಲಿ ಒಂದು ಹುಂಜಕ್ಕೆ 10–12 ಹೇಂಟೆ, ಭಾರೀ ತಳಿಯಲ್ಲಿ 6–8 ಸಾಕು. ಅದನ್ನೇ ಹಿಡಿದು ಜನ ಒಂದೇ ಹುಂಜ ಇಟ್ಟುಕೊಳ್ಳುತ್ತಾರೆ. ಆದರೆ ವೈವಿಧ್ಯದ ಲೆಕ್ಕ ಬೇರೆ. ಒಂದು ಹುಂಜ, 10 ಹೇಂಟೆಯ ಹಿಂಡು ಪ್ರತಿ ತಲೆಮಾರಿಗೆ ತನ್ನಲ್ಲಿರುವ ವಂಶವೈವಿಧ್ಯದ ಸುಮಾರು ಶೇ. 14 ಕಳೆದುಕೊಳ್ಳುತ್ತದೆ, ಮೂರು ತಲೆಮಾರಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಹೇಂಟೆಗಳನ್ನು 20ಕ್ಕೆ ಏರಿಸಿ ನೋಡಿ: ನಷ್ಟ ಶೇ. 13. ಹತ್ತು ಕೋಳಿಗೆ ಆಹಾರ ಹಾಕಿ ಗಳಿಸಿದ್ದು ಒಂದು ಅಂಶ. ಹೇಂಟೆ 10 ಇದ್ದು ಹುಂಜ ಮೂರು ಮಾಡಿದರೆ ನಷ್ಟ ಶೇ. 5ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಹಿಂಡನ್ನು ಉಳಿಸುವುದು ಹುಂಜಗಳ ಸಂಖ್ಯೆ. ಜಾಗ ಕಡಿಮೆ ಇದ್ದರೆ ಹೇಂಟೆ ಕಡಿಮೆ ಮಾಡಿ, ಹುಂಜ ಕಡಿಮೆ ಮಾಡಬೇಡಿ.

ಕೂಡಿಸುವ ಪದ್ಧತಿಗಳಲ್ಲಿ ಮನೆಗೆ ಹೊಂದುವವು ಎರಡು. ಸರಳವಾದದ್ದು: ಒಂದು ಗೂಡಿನಲ್ಲಿ ಹಳೆಯ ಹುಂಜಕ್ಕೆ ಆ ವರ್ಷದ ಯಾಟೆಗಳು (ಎಳೆಯ ಹೇಂಟೆಗಳು), ಇನ್ನೊಂದರಲ್ಲಿ ಹಳೆಯ ಹೇಂಟೆಗಳಿಗೆ ಆ ವರ್ಷದ ಎಳೆಹುಂಜ. ಎರಡೇ ಗೂಡು ಸಾಕು, ಅಣ್ಣತಂಗಿ ಕೂಡುವುದು ಬಹುಪಾಲು ತಪ್ಪುತ್ತದೆ, ಪರೀಕ್ಷೆಯಾದ ಹಳೆಯ ಹಕ್ಕಿಗಳು ಸೇವೆಯಲ್ಲಿ ಮುಂದುವರಿಯುತ್ತವೆ. ಆದರೆ ಅಪ್ಪ ಮಗಳು, ತಾಯಿ ಮಗ ಕೂಡುವುದನ್ನು ಇದು ತಡೆಯುವುದಿಲ್ಲ.

ಇನ್ನೊಂದು ಮೂರು ಕುಟುಂಬಗಳ ಪದ್ಧತಿ. ಕೆಂಪು, ನೀಲಿ, ಹಳದಿ ಕಾಲುಂಗುರ ಎಂದಿಟ್ಟುಕೊಳ್ಳಿ. ಮರಿ ಯಾವಾಗಲೂ ತಾಯಿಯ ಬಣ್ಣಕ್ಕೆ ಸೇರಿದ್ದು. ಹೆಣ್ಣುಮಕ್ಕಳು ತಾಯಿಯ ಗೂಡಿನಲ್ಲೇ ಉಳಿಯುತ್ತವೆ; ಕೆಂಪಿನ ಗಂಡು ನೀಲಿಗೆ, ನೀಲಿಯದು ಹಳದಿಗೆ, ಹಳದಿಯದು ಕೆಂಪಿಗೆ ಹೋಗುತ್ತದೆ. ಪ್ರತಿ ತಲೆಮಾರಿಗೂ ಅದೇ ದಿಕ್ಕು, ಎಂದೂ ಹಿಂದುಮುಂದಾಗಬಾರದು. ಮೂರು ಗೂಡು, ಮರಿ ಕಾಲದಲ್ಲಿ ಮೂರು ಹುಂಜ, ಒಂದು ಪುಸ್ತಕ ಬೇಕು. ಜಾಗ ಇದ್ದರೆ ಇದನ್ನೇ ಮಾಡಿ. ಹೊರಗಿನಿಂದ ರಕ್ತ ತಾರದೆ ಬಹಳ ವರ್ಷ ಹಿಂಡು ಗಟ್ಟಿಯಾಗಿ ನಡೆಯುತ್ತದೆ, ಆ ಬಗ್ಗೆ ನನಗೆ ಎರಡು ಮಾತಿಲ್ಲ.

ಎರಡಕ್ಕೂ ಗುರುತು ಹಾಕದೆ ಗತಿಯಿಲ್ಲ. ಕಾಲುಂಗುರ ಸುಲಭ, ಆದರೆ ಮರಿ ಬೆಳೆದಂತೆ ಬದಲಿಸುತ್ತಿರಬೇಕು, ಮರೆತರೆ ಮಾಂಸದೊಳಕ್ಕೆ ಕಚ್ಚುತ್ತದೆ. ಬೆರಳುಗಳ ನಡುವಿನ ತೆಳು ಚರ್ಮಕ್ಕೆ ಮೊದಲ ದಿನವೇ ಸಣ್ಣ ತೂತು ಹಾಕುವುದು ಹಳೆಯ ಕ್ರಮ; ಎರಡು ಕಾಲಿಗೆ ಸೇರಿ ನಾಲ್ಕು ಜಾಗ, ಒಟ್ಟು 16 ಬಗೆಯ ಗುರುತು. ಒಂದೆರಡು ವಾರ ಕಳೆದು ತೂತು ಕೂಡಿಕೊಂಡಿಲ್ಲವೆಂದು ನೋಡಿಕೊಳ್ಳಿ.

ಯಾವುದನ್ನು ಉಳಿಸಿಕೊಳ್ಳುವುದು

ಮರಿಗಳಲ್ಲಿ ಅರ್ಧ ಗಂಡು. 16 ಮರಿ ಆದರೆ ಎಂಟು ಹುಂಜ. ತಳಿಗೆ ಬೇಕಾದ್ದು ಎರಡೋ ಮೂರೋ. ಉಳಿದವಕ್ಕೆ ಏನು ಮಾಡುತ್ತೀರಿ ಎಂಬ ಉತ್ತರ ಮೊಟ್ಟೆ ಕಾವಿಗಿಡುವ ಮೊದಲೇ ಸಿದ್ಧವಿರಬೇಕು. ಮನೆಯಲ್ಲಿ ಮಾಂಸಕ್ಕೆ ಬಳಸುವವರಿಗೆ ಸಸೆಕ್ಸ್, ಪ್ಲೈಮೌತ್ ರಾಕ್‌ನಂಥ ಎರಡೂ ಉಪಯೋಗದ ತಳಿ ಅನುಕೂಲ. ಬಳಸದವರು ಕೊಳ್ಳುವವರನ್ನು ಮೊದಲೇ ಹುಡುಕಿಟ್ಟುಕೊಳ್ಳಲಿ. ತಳಿಗೆ ಆಗದ ಹುಂಜವನ್ನು ಮರಿ ಮಾಡಿಸುವುದಕ್ಕೆಂದು ಮಾತ್ರ ಯಾರಿಗೂ ಕೊಡಬೇಡಿ.

ಆರಿಸುವಾಗ ಮೊದಲ ಸ್ಥಾನ ಆರೋಗ್ಯಕ್ಕೆ, ಎರಡನೆಯದು ಮೈಕಟ್ಟಿಗೆ, ಬಣ್ಣ ಕೊನೆಗೆ. ಬಣ್ಣವನ್ನು ಎರಡು ಮೂರು ತಲೆಮಾರಿನಲ್ಲಿ ತಿದ್ದಬಹುದು, ಕುಗ್ಗಿದ ಮೈಕಟ್ಟು ಮತ್ತೆ ಬರಲು ಬಹಳ ಕಾಲ ಹಿಡಿಯುತ್ತದೆ. ಓರೆ ಕೊಕ್ಕು, ಡೊಂಕು ಎದೆಮೂಳೆ, ಬಾಗಿದ ಬೆರಳು, ಮನುಷ್ಯರ ಮೇಲೆ ಎರಗುವ ಹುಂಜ, ಇವಕ್ಕೆ ಯಾವ ಬಣ್ಣವೂ ಪರಿಹಾರವಲ್ಲ. ಹೇಂಟೆಯನ್ನು ಕಂಕುಳಲ್ಲಿ ಹಿಂದುಮುಂದಾಗಿ ಹಿಡಿದು, ಗುದದ್ವಾರದ ಎರಡು ಬದಿಯ ಮೂಳೆತುದಿಗಳ ನಡುವೆ ಬೆರಳಿಟ್ಟು ನೋಡಿ. ಎರಡು ಮೂರು ಬೆರಳು ಹಿಡಿದು, ಮೂಳೆ ತೆಳುವಾಗಿ ಬಾಗುವಂತಿದ್ದು, ಹೊಟ್ಟೆ ಮೆತ್ತಗಿದ್ದರೆ ಚೆನ್ನಾಗಿ ಮೊಟ್ಟೆ ಇಡುತ್ತಿರುವ ಕೋಳಿ. ಒಂದೇ ಬೆರಳು, ಗಟ್ಟಿ ಮೂಳೆ, ಗಟ್ಟಿ ಹೊಟ್ಟೆ ಇದ್ದರೆ ಅದು ಮೊಟ್ಟೆ ಇಡುತ್ತಿಲ್ಲ.

ಯಾಟೆಯ ಮೊದಲ ಮೊಟ್ಟೆಗಳನ್ನು ಕಾವಿಗಿಡಬೇಡಿ, ಸಣ್ಣ ಮೊಟ್ಟೆ ಸಣ್ಣ ಮರಿ. ಮರಿ ಕಾಲಕ್ಕೆ ಒಂದು ತಿಂಗಳು ಮುಂಚಿನಿಂದಲೇ ಹಿಂಡಿಗೆ ತಳಿಕೋಳಿಯ ಆಹಾರ ಕೊಡಿ. ಮೊಟ್ಟೆಕೋಳಿಯ ಆಹಾರದಲ್ಲಿ ಕ್ಯಾಲ್ಸಿಯಂ ಶೇ. 3.5–4 ಇರುತ್ತದೆ, ಅಷ್ಟು ಹುಂಜಕ್ಕೂ ಬೆಳೆಯುವ ಮರಿಗೂ ಒಳ್ಳೆಯದಲ್ಲ. ಕಡಿಮೆ ಕ್ಯಾಲ್ಸಿಯಂನ ಆಹಾರ ಹಾಕಿ ಚಿಪ್ಪಿನ ಪುಡಿಯನ್ನು ಬೇರೆ ಪಾತ್ರೆಯಲ್ಲಿಟ್ಟರೆ ಹೇಂಟೆಗಳು ತಮಗೆ ಬೇಕಾದಷ್ಟು ತಿನ್ನುತ್ತವೆ.

ಹಿಂಡಿಗೆ ಬೇರೆ ತಳಿಯ ಹುಂಜ ನುಗ್ಗಿತ್ತೆಂದರೆ, ಅದನ್ನು ಹೊರಗೆ ಹಾಕಿದ ಮರುದಿನವೇ ಮೊಟ್ಟೆ ಕೂಡಿಡಲು ಶುರುಮಾಡಬೇಡಿ. ಹೇಂಟೆಯ ಮೈಯಲ್ಲಿ ಹುಂಜದ ವೀರ್ಯ ಎರಡು ಮೂರು ವಾರ ಜೀವಂತವಿರುತ್ತದೆ. ಸರಿಯಾದ ಹುಂಜವನ್ನು ಹಿಂಡಿಗೆ ಸೇರಿಸಿ, ನಾಲ್ಕು ವಾರದ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ಆಮೇಲಿನದನ್ನು ದಿನಾಂಕ ಬರೆದು ಕಾವಿಗೆ ತೆಗೆದಿಡಿ.